ಎರಡಕ್ಕೂ ಒಂದೇ ಅಕ್ಷರ

ಅಪ್ಪನ ಕಾರ್ಯವೆಲ್ಲ ಮುಗಿದ ಮೇಲೆ ಮೊದಲ ಸಲ ಆಫೀಸಿಗೆ ಹೋದ ದಿನವೇ ಆ ಅರ್ಜಿಯನ್ನು ಮೇಜಿನ ಮೇಲೆ ಹರಡಿಕೊಂಡು ಕೂತೆ. ವಕೀಲಳಾಗಿ ಹೆಸರು ನೋಂದಾಯಿಸಿಕೊಳ್ಳುವ ಅರ್ಜಿ. ತಮಿಳುನಾಡಿನ ತೇನಿಯಲ್ಲಿ ಒಬ್ಬ ವಕೀಲರ ಆಫೀಸಿನಲ್ಲಿ ಟೈಪ್ ಮಾಡುತ್ತಲೇ ನಾನು ಕಾನೂನು ಓದಿ ಮುಗಿಸಿದ್ದೆ. ಹೆಸರು, ಊರು, ಕಾಲೇಜು ಎಲ್ಲ ಬರೆದೆ. ತಂದೆಯ ಹೆಸರಿನ ಹತ್ತಿರ 'ದಿವಂಗತ' ಎಂದು ಸೇರಿಸಬೇಕು ಎಂದು ಹೊಳೆದಾಗ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಸೇರಿಸಿದೆ. ಮುಂದಿನ ಪುಟದಲ್ಲಿ ಆ ಪ್ರಶ್ನೆ ಇತ್ತು: ನಿಮ್ಮ ಮೇಲೆ ಯಾವುದಾದರೂ ಕ್ರಿಮಿನಲ್ ಮೊಕದ್ದಮೆ ಇದೆಯೇ?

ಇತ್ತು. ನಮ್ಮ ತಾಲ್ಲೂಕಿನ ಕೋರ್ಟಿನಲ್ಲಿ. ಒಂದನೇ ಆರೋಪಿ ಅಪ್ಪ, ಎರಡನೇ ಆರೋಪಿ ನಾನು. ಆರೋಪ, ಕೊಲೆ ಬೆದರಿಕೆ.

ಆ ವಕೀಲರು, ನಮ್ಮ ಸೀನಿಯರ್, ತಮ್ಮ ಕುರ್ಚಿಯಿಂದಲೇ ನನ್ನ ಕೈ ನಿಂತದ್ದನ್ನು ನೋಡಿದರು. ಆಫೀಸಿನಲ್ಲಿ, ಕೋರ್ಟಿನಲ್ಲಿ ಮಾತೆಲ್ಲ ತಮಿಳಿನಲ್ಲೇ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಇಲ್ಲ ಅಂತ ಬರೆದುಬಿಡೋಣ ಅನ್ನಿಸ್ತಾ ಇದೆಯಾ?" ಎಂದರು.

"ಅನ್ನಿಸ್ತಿದೆ ಸಾರ್."

"ಎಲ್ಲರಿಗೂ ಅನ್ನಿಸುತ್ತೆ. ಅರ್ಜಿ ಮಡಿಚಿಡು. ಕೇಸು ಮುಗಿಯಲಿ."

ಅವರು ಬಿಡಿಸಿ ಹೇಳಿದ್ದು ಇಷ್ಟು. ನೀತಿಗೆಟ್ಟ ಅಪರಾಧಕ್ಕೆ ಶಿಕ್ಷೆಯಾದವರನ್ನು ವಕೀಲರ ಪಟ್ಟಿಗೆ ಸೇರಿಸಬಾರದು ಎನ್ನುತ್ತದೆ ಕಾಯ್ದೆ. ಬಿಡುಗಡೆಯಾಗಿ ಎರಡು ವರ್ಷ ಕಳೆದರೆ ಆ ಅಡ್ಡಿ ಹೋಗುತ್ತದೆ ಎಂದೂ ಅದೇ ಕಾಯ್ದೆ ಹೇಳುತ್ತದೆ. ಆದರೆ ಯಾವುದು ನೀತಿಗೆಟ್ಟದ್ದು, ಯಾವುದು ಅಲ್ಲ ಎಂದು ತೀರ್ಮಾನಿಸುವವರು ಬೇರೆಯವರು. ಇನ್ನೂ ನಡೆಯುತ್ತಿರುವ ಕೇಸಿದ್ದರೆ ಪೊಲೀಸರು ಊರಿಗೆ ಬಂದು ವಿಚಾರಿಸುತ್ತಾರೆ, ಅರ್ಜಿ ಅಲ್ಲೇ ಕೂರುತ್ತದೆ. ಮುಚ್ಚಿಟ್ಟು ಸೇರಿದರೆ ಎಷ್ಟು ವರ್ಷ ಕಳೆದ ಮೇಲೂ ಹೆಸರು ಹೊಡೆದುಹಾಕಬಹುದು. "ಕೇಸಿದ್ದೋರು ವಕೀಲರಾಗಬಹುದಾ ಅಂದ್ರೆ ಆಗಬಹುದು. ಸುಳ್ಳು ಹೇಳಿದೋರು ಆಗಬಾರದು. ಆದ್ರೂ ಸುಮಾರು ಜನ ಆಗಿದ್ದಾರೆ ಅನ್ನು," ಎಂದು ನಕ್ಕರು. ನನಗೆ ನಗು ಬರಲಿಲ್ಲ. ಅರ್ಜಿಯನ್ನು ಮಡಿಚಿ ಚೀಲದೊಳಗೆ ಇಟ್ಟೆ.

ಕೇಸು ಹುಟ್ಟಿದ್ದು ನಮ್ಮ ಬಾಳೆ ತೋಟದಲ್ಲಿ. ಆಗ ನಾನಿನ್ನೂ ಓದುತ್ತಿದ್ದೆ. ವೇದಸಂದೂರಿನ ಕಡೆಯಿಂದ ಬಂದ ಒಬ್ಬ ಏಜೆಂಟ್ ಗೊನೆ ಕಡಿಸಲು ಆಳುಗಳ ಜತೆ ಬಂದಿದ್ದ. ನಮ್ಮ ಕಂಬಂ ಕಣಿವೆಗೆ ಅವನು ಹೊಸಬ. ಲಾರಿ ರಸ್ತೆಯಲ್ಲಿ ನಿಂತಿದೆ, ಇವತ್ತೇ ಕಡಿಯಬೇಕು ಎಂದು ಅವನ ಹಟ. ಕಾಯಿ ಇನ್ನೂ ಬಲಿತಿಲ್ಲ, ಅದರ ಅಂಚಿನ ಏಣು ದುಂಡಗಾಗಿಲ್ಲ ಎಂದು ಅಪ್ಪ. ಮಾತು ಏರಿತು. ಅಪ್ಪನ ದನಿಯೇ ದೊಡ್ಡದು. ತೋಟದ ಆಚೆ ತುದಿಗೆ ಕೂಗಿ ಕೂಗಿ ಬಂದ ದನಿ ಅದು. ನಾನು ಪಕ್ಕದ ಸಾಲಿನಲ್ಲಿ ಮೇಕೆಗೆ ಎಲೆ ಕೊಯ್ಯುತ್ತ ನಿಂತಿದ್ದೆ, ಕೈಯಲ್ಲಿ ಕತ್ತಿ ಇತ್ತು. ಅಪ್ಪ ಅವನ ಜತೆ ಮಾತು ಸಾಕೆಂದು ತಲೆಯೆತ್ತಿ ಗೊನೆಯನ್ನೇ ನೋಡುತ್ತ ನನಗೆ ಮನೆಮಾತಾದ ಕನ್ನಡದಲ್ಲಿ ಹೇಳಿದರು:

"ಕಣ್ಣು, ನಾಳಿಕ್ಕೆ ಗೊಲೆ ಆಯ್ತದೆ. ನೀ ಕತ್ತಿ ತಕ್ಕಂಡ್ ಬಾ."

ಕರ್ನಾಟಕದವರು ಗೊನೆ ಅನ್ನುವುದನ್ನು ನಮ್ಮ ಮನೆಯಲ್ಲಿ ಗೊಲೆ ಅನ್ನುತ್ತಾರೆ. ಮಗಳೇ, ನಾಳೆಗೆ ಗೊನೆ ತಯಾರಾಗುತ್ತದೆ, ನೀನು ಕತ್ತಿ ತೆಗೆದುಕೊಂಡು ಬಾ, ಅಷ್ಟೇ. ಆದರೆ ತಮಿಳು ಮಾತ್ರ ಬಲ್ಲ ಕಿವಿಗೆ ಆ ಮಾತು ಹೆಚ್ಚುಕಡಿಮೆ ತಮಿಳಾಗಿಯೇ ಕೇಳುತ್ತದೆ. ನಾಳೆಗೆ ಕೊಲೆ ಆಗುತ್ತದೆ, ಕತ್ತಿ ತೆಗೆದುಕೊಂಡು ಬಾ. ನಾನು ಸಾಲು ದಾಟಿ ಈಚೆ ಬಂದೆ, ಕತ್ತಿ ಕೈಯಲ್ಲೇ ಇತ್ತು. ಆ ಮನುಷ್ಯನ ಮುಖ ಬಿಳುಪೇರಿದ್ದನ್ನು ನಾನು ನೋಡಿದೆ. ಯಾಕೆಂದು ತಿಳಿಯಲಿಲ್ಲ. ಅವನು ಚಪ್ಪಲಿಯನ್ನು ಕೆಸರಿನಲ್ಲೇ ಬಿಟ್ಟು ರಸ್ತೆಗೆ ಓಡಿದ. ಅಪ್ಪ ನಗುತ್ತ, "ಲಾರಿ ಹೊಂಟೋಯ್ತು ಅಂತ ಕಾಣ್ತದೆ," ಎಂದರು.

ಸಂಜೆ ಸ್ಟೇಷನ್ನಿಗೆ ಕರೆಸಿದರು. ಗೊನೆಯ ವಿಷಯ ಹೇಳಿದ್ದು ಎಂದು ಅಪ್ಪ ಹೇಳಲು ಹೋದರು. ಬರೆದುಕೊಳ್ಳುತ್ತಿದ್ದವರು ತಲೆಯೆತ್ತಲಿಲ್ಲ. "ಬಾಳೆಗೊನೆಗೆ ತಾರ್ ಅನ್ನಬೇಕು. ಕೊಲೆ ಅಂತ ಯಾವನಯ್ಯಾ ಅಂತಾನೆ?" ಅಪ್ಪ ಸುಮ್ಮನಾದರು. ಮನೆಮಾತನ್ನು ಮನೆಯ ಹೊರಗೆ ಆಡುವುದು ನಮ್ಮಲ್ಲಿ ಒಂದು ಬಗೆಯ ಸಂಕೋಚ. ತಲೆತಲಾಂತರದಿಂದ ಇಲ್ಲೇ ಇದ್ದರೂ ಆ ಮಾತು ಹೊಸ್ತಿಲ ಒಳಗಿನದು. ಅತ್ತೆ, ಎಂದರೆ ಅಪ್ಪನ ಅಕ್ಕ, ಕನ್ನಡದಲ್ಲಿ ಕೇಳಿದ್ದಕ್ಕೆ ನಾನು ತಮಿಳಿನಲ್ಲಿ ಉತ್ತರ ಕೊಡುತ್ತ ಬೆಳೆದವಳು. ಆ ಸಂಜೆ ನಾನೂ ಬಾಯಿ ಬಿಡಲಿಲ್ಲ. ಜಾಮೀನು ಸಿಕ್ಕಿತು. ಆಮೇಲೆ ಚಾರ್ಜ್‌ಶೀಟ್, ಆಮೇಲೆ ವಾಯ್ದೆ ಮೇಲೆ ವಾಯ್ದೆ. ಪ್ರತಿ ವಾಯ್ದೆಗೂ ಅಪ್ಪ ಒಗೆದ ಬಿಳಿ ಅಂಗಿ ಹಾಕಿಕೊಂಡು ಬಂದು, ಹೆಸರು ಕೂಗಿದರೆ ಎದ್ದು ಕೈ ಮುಗಿದು ನಿಲ್ಲುತ್ತಿದ್ದರು. ಸಾಕ್ಷಿ ವಿಚಾರಣೆ ಶುರುವಾಗುವ ಮುಂಚೆಯೇ ಒಂದು ಬೆಳಗ್ಗೆ ಬಾಳೆಗೆ ನೀರು ಕಟ್ಟಲು ಹೋದವರು ಕಾಲುವೆಯ ಬದಿಯಲ್ಲೇ ಕುಸಿದರು.

ಅವರು ಹೋದ ಮೇಲಿನ ಮೊದಲ ವಾಯ್ದೆಗೆ ನಾನೊಬ್ಬಳೇ ಹೋದೆ. ಮರಣ ಪತ್ರದ ನಕಲನ್ನು ಸೀನಿಯರ್ ಮೆಮೋ ಜತೆ ಕೊಟ್ಟಿದ್ದರು. ಆದರೆ ಪೊಲೀಸರು ಅದನ್ನು ಪರಿಶೀಲಿಸಿ ವರದಿ ಕೊಡುವ ತನಕ ದಾಖಲೆಯಲ್ಲಿ ಒಂದನೇ ಆರೋಪಿ ಬದುಕಿಯೇ ಇರುತ್ತಾನೆ. ಇದು ನನಗೆ ಗೊತ್ತಿತ್ತು. ಇಂಥ ಮೆಮೋಗಳನ್ನು ನಾನೇ ಎಷ್ಟೋ ಟೈಪ್ ಮಾಡಿದ್ದೆ. ಗೊತ್ತಿದ್ದೂ, ಜವಾನ ಬಾಗಿಲಿಗೆ ಹೋಗಿ ಅಪ್ಪನ ಹೆಸರನ್ನು ಜೋರಾಗಿ ಕೂಗಿದಾಗ ಬೆಚ್ಚಿಬಿದ್ದೆ. ಒಂದು ಸಲ. ವರಾಂಡದಲ್ಲಿ ಯಾರೋ ತಿರುಗಿ ನೋಡಿದರು. ಎರಡನೇ ಸಲ. ಮೂರನೇ ಸಲ ಕೂಗಿದಾಗ ನಾನೂ ಬಾಗಿಲ ಕಡೆ ನೋಡಿದೆ. ಬಿಳಿ ಅಂಗಿ ಬರುತ್ತದೆ ಎಂದು ಒಂದು ಕ್ಷಣ ನಿಜವಾಗಿಯೂ ಅಂದುಕೊಂಡೆ. ಜವಾನ ಒಳಗೆ ಬಂದು, "ಬಂದಿಲ್ಲ," ಎಂದ.

ಆ ದಿನದಿಂದ ಹೆಸರು ಕೂಗುವ ದನಿಯೇ ನನಗೆ ಭಯವಾಯಿತು. ಬಸ್‌ಸ್ಟ್ಯಾಂಡಿನಲ್ಲಿ ಬೋಡಿ, ಬೋಡಿ ಎಂದು ಕಂಡಕ್ಟರ್ ಊರಿನ ಹೆಸರು ಕೂಗಿದರೂ ತಿರುಗಿ ನೋಡುತ್ತಿದ್ದೆ.

ಅಪ್ಪನ ಮೇಲಿನ ಕೇಸು ಅವರ ಸಾವಿನೊಂದಿಗೆ ಮುಗಿಯಿತು ಎಂದು ದಾಖಲಾದ ಮೇಲೆ ಸೀನಿಯರ್ ನನ್ನನ್ನು ಕೂರಿಸಿ ದಾರಿ ಹೇಳಿದರು. ತಪ್ಪೊಪ್ಪಿಕೊಂಡು ದಂಡ ಕಟ್ಟಿ ಮುಗಿಸುವವರು ಇದ್ದಾರೆ, ಆದರೆ ನಾನು ಅದನ್ನು ಮಾಡುವಂತಿಲ್ಲ, ದಂಡವೂ ಶಿಕ್ಷೆಯೇ. ಇನ್ನೊಂದು ದಾರಿ ಸುಲಭದ್ದು. "ಬಾಯಿ ಮಾತು ಆಡಿದ್ದು ಒಂದನೇ ಆರೋಪಿ. ನೀನು ಬರೀ ನಿಂತಿದ್ದೆ. ಅಷ್ಟನ್ನ ಸಾಕ್ಷಿ ಬಾಯಲ್ಲಿ ಹೇಳಿಸ್ತೀನಿ. ಬಿಡುಗಡೆ ಆಗ್ತೀಯ."

"ಆ ಮಾತು ಗೊನೆ ಬಗ್ಗೆ ಸಾರ್."

"ಇರಲಿ. ಅದನ್ನ ಹೇಳಬೇಕಾದ್ರೆ ಮಾತು ಆಡಿದ್ದು ನಿಜ ಅಂತ ಮೊದಲು ಒಪ್ಪಬೇಕು. ಒಪ್ಪಿದ ಮೇಲೆ ನಂಬಿಸಬೇಕು. ನಂಬದಿದ್ರೆ? ನಿಮ್ಮಪ್ಪ ಈಗ ಯಾವ ಕೋರ್ಟಿಗೂ ಸಿಗಲ್ಲ ಅಮ್ಮಾ. ನೀನು ಸಿಗ್ತೀಯ."

ನಾನು ತಲೆಯಾಡಿಸಿದೆ. ಭಯದಲ್ಲಿ ತಲೆ ತಾನಾಗಿ ಆಡುತ್ತದೆ.

ಏಜೆಂಟ್ ಸಾಕ್ಷಿ ಹೇಳಲು ಬಂದ ದಿನ ಅತ್ತೆಯೂ ನನ್ನ ಜತೆ ಬಂದಿದ್ದಳು. ಅವ್ವ ಹೋದ ಮೇಲೆ ನನ್ನನ್ನು ಸಾಕಿದ್ದು ಅವಳೇ. ಹಿಂದಿನ ಬೆಂಚಿನಲ್ಲಿ ಕೂತು ಕೇಳುತ್ತಿದ್ದಳು. ಅವನು ಸುಳ್ಳನಲ್ಲ. ಅದು ನನಗೆ ಆ ದಿನವೇ ಗೊತ್ತಾಯಿತು. ನೆನಪಿಸಿಕೊಳ್ಳುವಾಗ ಅವನ ಕೈ ಕಟಕಟೆಯ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ತೋಟದೊಳಗೆ ಹೊರಗಿನವನು ತಾನೊಬ್ಬನೇ ಅನ್ನಿಸಿತು ಎಂದ. "ಆ ಮನುಷ್ಯ ನನ್ನ ಮುಖ ಕೂಡ ನೋಡಲಿಲ್ಲ. ಮೇಲೆ ಎಲ್ಲೋ ನೋಡ್ಕೊಂಡು, ಸಾವಧಾನವಾಗಿ ಹೇಳಿದ. ಅದೇ ನನಗೆ ಜಾಸ್ತಿ ಭಯ ಆಗಿದ್ದು."

ಸೀನಿಯರ್ ಪಾಟಿ ಸವಾಲಿಗೆ ಎದ್ದರು. ಮಾತಾಡಿದ್ದು ಒಂದನೇ ಆರೋಪಿ ತಾನೇ? ಹೌದು. ಈ ಹುಡುಗಿ ಒಂದು ಮಾತೂ ಆಡಲಿಲ್ಲ, ಅಲ್ಲವೇ? ಆಡಲಿಲ್ಲ. ಬೆದರಿಕೆ ಹಾಕಿದ್ದು ಪೂರ್ತಿ ಅವರೇ? ಪೂರ್ತಿ ಅವರೇ. ಒಂದೊಂದು ಉತ್ತರಕ್ಕೂ ನನ್ನ ಮೇಲಿನ ಭಾರ ಇಳಿಯುತ್ತಿತ್ತು. ಇಳಿದು ಎಲ್ಲಿಗೆ ಹೋಗುತ್ತಿದೆ ಎಂಬುದೂ ಕಾಣುತ್ತಿತ್ತು. ಅದನ್ನು ಹೊರುವವರು ಎದ್ದು ಕೈ ಮುಗಿದು 'ಇಲ್ಲ ಸ್ವಾಮಿ' ಎನ್ನಲು ಅಲ್ಲಿರಲಿಲ್ಲ.

ಹೊರಗೆ ಬಂದಾಗ ಸೀನಿಯರ್, "ಮುಗೀತು ಅಂದ್ಕೋ," ಎಂದರು. ಅತ್ತೆ ಅವರಿಗೆ ಕೈ ಮುಗಿದಳು. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕೂತು, ಸ್ವಲ್ಪ ದೂರ ಬಂದ ಮೇಲೆ ಕನ್ನಡದಲ್ಲಿ ಹೇಳಿದಳು.

"ನಿಮ್ ವಕೀಲ್ರು ಕೆಟ್ಟಿಕಾರ್ರು." ಕೆಟ್ಟಿಕಾರ ಎಂದರೆ ತಮಿಳಿನಲ್ಲಿ ಜಾಣ. ನಮ್ಮ ಮನೆಯಲ್ಲೂ ಹಾಗೇ ಅನ್ನುತ್ತೇವೆ. "ನನ್ ತಮ್ಮನ್ನ ಕೊಲೆಗಾರ ಅಂತ ಅವ್ರ ಬಾಯಲ್ಲೇ ಒಪ್ಪುಸ್ಬುಟ್ರು. ಪೋಲೀಸ್ನೋರ್ಗೂ ಆಗಿರ್ನಿಲ್ಲ ಅದು."

"ಅತ್ತೆ, ಅಪ್ಪನ್ನ ಈಗ ಯಾರೂ ಏನೂ ಮಾಡಕ್ಕಾಗಲ್ಲ," ಎಂದೆ, ತಮಿಳಿನಲ್ಲಿ.

"ಮಾಡಕ್ಕಾಗಲ್ಲ ಅಂತಾನೇ ಮಾಡ್ತಾ ಇವ್ರಿ." ಕಂಡಕ್ಟರ್ ದಾಟಿ ಹೋದ ಮೇಲೆ, "ಕರೀ ಕೋಟು ಹಾಕ್ಕೊ, ಬ್ಯಾಡ ಅನ್ನಲ್ಲ. ಸತ್ತೋನ್ ಎದೆ ಮ್ಯಾಲೆ ಕಾಲಿಟ್ಟು ಹತ್ತಿ ಹಾಕ್ಕೊಬ್ಯಾಡ."

ಮುಂದಿನ ವಾಯ್ದೆಗಳಲ್ಲಿ ಆಳುಗಳು, ತನಿಖೆ ಮಾಡಿದ ಅಧಿಕಾರಿ ಸಾಕ್ಷಿ ಹೇಳಿ ಹೋದರು. ನಾನು ಆಫೀಸಿನಲ್ಲಿ ಬೇರೆಯವರ ಕೇಸುಗಳನ್ನು ಟೈಪ್ ಮಾಡುತ್ತ, ಆ ಒಂದು ಮಾತನ್ನು ಒಳಗೊಳಗೇ ತಿರುಗಿಸುತ್ತಿದ್ದೆ. ಕನ್ನಡ ಬಲ್ಲವರು ಯಾರಾದರೂ ಕೋರ್ಟಿಗೆ ಬಂದು ಗೊಲೆ ಎಂದರೆ ಬಾಳೆಯದು ಎಂದು ಹೇಳಿದರೆ ಸಾಕಲ್ಲವೇ? ಕೊಡೈಕಾನಲ್ಲಿನ ಒಂದು ವಸತಿ ಶಾಲೆಯಲ್ಲಿ ಮೈಸೂರಿನ ಕಡೆಯ ಟೀಚರ್ ಒಬ್ಬರು ಕನ್ನಡ ಕಲಿಸುತ್ತಾರೆ ಎಂದು ತಿಳಿಯಿತು. ಒಂದು ಭಾನುವಾರ ಬೆಟ್ಟದ ಬಸ್ಸು ಹತ್ತಿದೆ.

ಅವರು ಶಾಲೆಯ ಹಿಂದಿನ ಕ್ವಾರ್ಟರ್ಸಿನಲ್ಲಿ ಕೂರಿಸಿ ಟೀ ಕೊಟ್ಟರು. ನಾನು ತಡವರಿಸುತ್ತ ಮನೆಮಾತಿನಲ್ಲಿ ಎಲ್ಲ ಹೇಳಿದೆ. ಅವರು ಕಣ್ಣರಳಿಸಿ ಕೇಳಿದರು.

"ನೀವಾಡೋ ಕನ್ನಡ ನಮ್ಮಜ್ಜಿಗಿಂತ ಹಳೇದು ಕಣಮ್ಮ. ಎಷ್ಟು ಚೆನ್ನಾಗಿದೆ. ಆದ್ರೆ ಗೊಲೆ ಅನ್ನೋದನ್ನ ನಾನು ಕೇಳಿಲ್ಲ. ನಾವು ಗೊನೆ ಅಂತೀವಿ."

"ಎರಡೂ ಒಂದೇನೇ ಅಲ್ವಾ ಟೀಚರ್?"

"ಇರಬಹುದು. ಆದ್ರೆ ಕೋರ್ಟಲ್ಲಿ ನನ್ನ ಕೇಳಿದ್ರೆ ಕೇಳಿಲ್ಲ ಅಂತಲೇ ಹೇಳಬೇಕಾಗುತ್ತೆ." ಅವರು ಲೋಟ ಕೆಳಗಿಟ್ಟರು. "ಇನ್ನೊಂದು ವಿಷಯ. ಕನ್ನಡದಲ್ಲಿ ಕೊಲೆ ಅಂದ್ರೇನು ಅಂತ ಆ ಕಡೆ ವಕೀಲರು ಕೇಳಿಬಿಟ್ಟರೆ? ಕನ್ನಡದಲ್ಲೂ ಕೊಲೆ ಅಂದ್ರೆ ಕೊಲೆನೇ. ನನ್ನ ಕರೀಬೇಡಿ. ನಿಮಗೇ ಕಷ್ಟ ಆಗುತ್ತೆ."

ಅಷ್ಟು ದೂರ ಹೋಗಿ ಕೇಸನ್ನು ಇನ್ನಷ್ಟು ಕೆಡಿಸಿಕೊಂಡು ಬಂದ ಹಾಗಾಯಿತು. ನನ್ನ ಮುಖ ನೋಡಿ ಅವರಿಗೆ ಏನನ್ನಿಸಿತೋ, ಮೇಜಿನ ಮೇಲಿದ್ದ ಹಾಳೆಯಲ್ಲಿ ಎರಡು ಅಕ್ಷರ ದೊಡ್ಡದಾಗಿ ಬರೆದರು. "ನಿಮಗೆ ಕನ್ನಡ ಓದಕ್ಕೆ ಬರಲ್ಲ ಅಲ್ವಾ? ನೋಡಿ, ಇದು ಕ. ಇದು ಗ. ನಿಮ್ಮಪ್ಪ ಅಂದಿದ್ದು ಈ ಗ ದಲ್ಲಿ, ಆ ಏಜೆಂಟ್ ಕೇಳಿಸಿಕೊಂಡಿದ್ದು ಈ ಕ ದಲ್ಲಿ."

ನಾನು ಆ ಹಾಳೆಯನ್ನೇ ನೋಡುತ್ತ ಕೂತೆ. ತಮಿಳಿನಲ್ಲಿ ಗ ಎಂಬ ಅಕ್ಷರವೇ ಇಲ್ಲ. ಕ ಬರೆದು, ಜಾಗ ನೋಡಿಕೊಂಡು ಕ ಎಂದೋ ಗ ಎಂದೋ ಓದಿಕೊಳ್ಳುತ್ತೇವೆ. ಚಿಕ್ಕಂದಿನಿಂದ ತಮಿಳು ಓದಿ ಬರೆಯುವ ನನಗೆ ಇದು ಹೊಸದಲ್ಲ. ಆದರೆ ಚಾರ್ಜ್‌ಶೀಟಿನ ಬಗ್ಗೆ ಹೀಗೆ ಯೋಚಿಸಿರಲಿಲ್ಲ. ಸ್ಟೇಷನ್ನಿನಲ್ಲಿ ಅಪ್ಪ ಎಷ್ಟು ಸಲ ಗೊಲೆ ಎಂದು ಹೇಳಿದ್ದರೂ ಕಾಗದದ ಮೇಲೆ ಅದು ಕೊಲೆ ಎಂದೇ ಬೀಳುತ್ತಿತ್ತು. ಬರೆದವರು ತಪ್ಪಿಲ್ಲದೆ ಬರೆದಿದ್ದರೂ ಅಷ್ಟೇ.

ಬೆಟ್ಟ ಇಳಿಯುವಾಗ ಹಾಳೆ ನನ್ನ ಕೈಯಲ್ಲೇ ಇತ್ತು. ಇದರಿಂದ ಧೈರ್ಯ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಭಯ ಹೆಚ್ಚಾಯಿತು. ಈಗ ಸುಮ್ಮನಿದ್ದರೆ ಅದು ಗೊತ್ತಿಲ್ಲದೆ ಸುಮ್ಮನಿದ್ದದ್ದಲ್ಲ.

ಪ್ರಾಸಿಕ್ಯೂಷನ್ ಸಾಕ್ಷಿಗಳು ಮುಗಿದ ಮೇಲೆ ಆರೋಪಿಯನ್ನು ನ್ಯಾಯಾಧೀಶರೇ ಪ್ರಶ್ನಿಸುವ ಹಂತ ಬರುತ್ತದೆ. ಸಾಕ್ಷಿ ಹೀಗೆ ಹೇಳಿದ್ದಾರೆ, ನೀವೇನು ಹೇಳುತ್ತೀರಿ ಎಂದು ಒಂದೊಂದಾಗಿ ಕೇಳುತ್ತಾರೆ. ಎಲ್ಲ ಆರೋಪಿಗಳೂ ಎಲ್ಲ ಪ್ರಶ್ನೆಗೂ ಕೊಡುವ ಉತ್ತರ ಒಂದೇ, 'ಅದು ಸುಳ್ಳು'. ಕಕ್ಷಿಗಾರರಿಗೆ ಅದನ್ನು ಹೇಳಿಕೊಟ್ಟು ಕಳಿಸುವುದು ಆಫೀಸಿನಲ್ಲಿ ನನ್ನ ಕೆಲಸವೇ ಆಗಿತ್ತು. ಹಿಂದಿನ ದಿನ ಸೀನಿಯರ್‌ಗೆ ಹೇಳಿದೆ, ನಾನು ಸುಳ್ಳು ಅನ್ನುವುದಿಲ್ಲ ಎಂದು.

ಅವರು ಮುಂದಿದ್ದ ಫೈಲು ಮುಚ್ಚಿದರು. "ಗೆಲ್ಲೋ ಕೇಸು ಇದು. ಗೊತ್ತಾ?"

"ಗೊತ್ತು ಸಾರ್."

"ಸೋತರೆ ಆ ಅರ್ಜಿಯನ್ನ ಚೀಲದಿಂದ ತೆಗೆಯೋ ಹಾಗಿಲ್ಲ."

"ಗೊತ್ತು ಸಾರ್."

"ನನ್ನ ಕಕ್ಷಿಗಾರ್ತಿ ಬೇರೆ ಯಾರಾದ್ರೂ ಆಗಿದ್ರೆ ವಕಾಲತ್ತು ವಾಪಸ್ ಕೊಟ್ಟು ಕಳಿಸ್ತಿದ್ದೆ. ನಿನ್ನ ಕಳಿಸಿದ್ರೆ ನಾಳೆ ಇಲ್ಲಿ ಟೈಪ್ ಮಾಡೋರು ಯಾರು?" ಎಂದು ಕನ್ನಡಕ ಒರೆಸಿಕೊಂಡರು. "ನಿಮ್ಮತ್ತೆನ ಕರ್ಕೊಂಡು ಬಾ. ಸಾಕ್ಷಿ ಹಾಕೋಣ. ಆದ್ರೆ ಆಕೆಗೆ ಏನೂ ಹೇಳಿಕೊಡಬೇಡ. ಹೇಳಿಕೊಟ್ಟಿದ್ದು ಗೊತ್ತಾಗಿಬಿಡುತ್ತೆ."

ಮರುದಿನ ಕಟಕಟೆಯಲ್ಲಿ ನಿಂತೆ. ಮ್ಯಾಜಿಸ್ಟ್ರೇಟ್ ಒಬ್ಬ ಮಹಿಳೆ, ಹೆಚ್ಚು ಮಾತಿನವರಲ್ಲ. ಮೊದಲ ಸಾಕ್ಷಿಯ ಹೇಳಿಕೆಯನ್ನು ಓದಿ ಕೇಳಿಸಿದರು. ಏನು ಹೇಳುತ್ತೀರಿ?

"ನಮ್ಮಪ್ಪ ಆ ಮಾತು ಆಡಿದ್ದು ನಿಜ ಮೇಡಂ."

ಟೈಪ್ ಮಾಡುವ ಸದ್ದು ನಿಂತಿತು. ಸರ್ಕಾರಿ ವಕೀಲರು ತಿರುಗಿ ನನ್ನನ್ನು ನೋಡಿದರು.

"ನೀವು ಲಾ ಓದಿದ್ದೀರಿ ಅಂತ ಇದೆ ಇಲ್ಲಿ. ಏನು ಹೇಳ್ತಿದ್ದೀರಿ ಅಂತ ಗೊತ್ತಾ?"

"ಗೊತ್ತು ಮೇಡಂ. ಆ ಮಾತು ಕೊಲೆ ಅಲ್ಲ. ನಮ್ಮ ಮನೆಮಾತಿನಲ್ಲಿ ಬಾಳೆಗೊನೆ. ಅವರು ಮೇಲೆ ನೋಡಿಕೊಂಡು ಹೇಳಿದರು ಅಂತ ಸಾಕ್ಷಿಯೇ ಹೇಳಿದ್ದಾರೆ. ಮೇಲೆ ಇದ್ದದ್ದು ಗೊನೆ."

"ಯಾಕೆ ಕಟಕಟೆ ಅಷ್ಟು ಬಿಗಿಯಾಗಿ ಹಿಡ್ಕೊಂಡಿದ್ದೀರಿ?"

"ಭಯ ಆಗ್ತಿದೆ ಮೇಡಂ."

ಅವರು ಅದನ್ನು ಬರೆಸಲಿಲ್ಲ. ಉಳಿದದ್ದನ್ನು ಬರೆಸಿದರು.

ಮುಂದಿನ ವಾಯ್ದೆಗೆ ಅತ್ತೆ ಬಂದಳು, ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು, ಹಬ್ಬದ ಸೀರೆ ಉಟ್ಟು. ಸೀನಿಯರ್ ಕೇಳಿದ್ದು ಎರಡೇ ಪ್ರಶ್ನೆ. ಆಮೇಲೆ ಸರ್ಕಾರಿ ವಕೀಲರು ಎದ್ದು, ಅಜ್ಜಿ ಎನ್ನುವ ಹಾಗೆ ತಮಿಳಿನಲ್ಲಿ ಕರೆದರು.

"ಪಾಟ್ಟಿ, ನಿಮಗೆ ತಮಿಳು ಬರುತ್ತಾ?"

"ಇಷ್ಟೊತ್ತು ನಿಮ್ ಜತೆ ಏನ್ ಭಾಷೇಲಿ ಮಾತಾಡ್ತಿದೀನಿ ತಂಬಿ?"

ಹಿಂದೆ ಯಾರೋ ನಕ್ಕರು. ತಂಬಿ, ಎಂದರೆ ತಮ್ಮ, ಎಂದು ಕರೆಸಿಕೊಂಡ ಸರ್ಕಾರಿ ವಕೀಲರೂ ಸ್ವಲ್ಪ ನಕ್ಕು, ಆಮೇಲೆ ನಿಧಾನವಾಗಿ ಕೇಳಿದರು. "ಒಬ್ಬ ಇನ್ನೊಬ್ಬನ ಜೀವ ತೆಗೀತಾನೆ. ಅದಕ್ಕೆ ನಿಮ್ಮ ಮನೆಯಲ್ಲಿ ಏನಂತೀರಿ?"

ಕೊಡೈಕಾನಲ್ಲಿನ ಟೀಚರ್ ಹೆದರಿದ್ದ ಪ್ರಶ್ನೆ ಅದೇ. ನಾನು ಕಣ್ಣು ಮುಚ್ಚಿಕೊಂಡೆ.

"ಕೊಲೆ ಅಂತೀವಿ."

"ಬಾಳೆ ತಾರ್‌ಗೆ?"

"ಗೊಲೆ."

"ಎರಡೂ ಒಂದೇ ಪದ ತಾನೇ?"

"ಎಂಗೆ ಒಂದಾಯ್ತದೆ? ಅದು ಕೊಲೆ. ಇದು ಗೊಲೆ. ನಿಮ್ ಕಿವಿ ಸರಿಗಿಲ್ಲ ಅಂದ್ರೆ ಬಾಳೆ ಏನ್ ಮಾಡ್ತದೆ?"

ಮ್ಯಾಜಿಸ್ಟ್ರೇಟ್, "ಬರೆದುಕೊಳ್ಳಿ," ಎಂದು ಟೈಪಿಸ್ಟ್ ಕಡೆ ತಿರುಗಿ ಉತ್ತರವನ್ನು ಹೇಳಿದರು. ಟೈಪಿಸ್ಟ್ ಬರೆದು, ತೆರೆಯನ್ನು ನೋಡಿ ಸುಮ್ಮನೆ ಕೂತರು.

"ಏನಾಯಿತು?"

"ಮೇಡಂ, ಓದಿದರೆ ಬೇರೆ ಥರ ಬರ್ತಿದೆ."

"ಓದಿ."

ಟೈಪಿಸ್ಟ್ ಓದಿದರು. "ಅದು ಕೊಲೆ. ಇದು ಕೊಲೆ."

ಯಾರೂ ನಗಲಿಲ್ಲ. ಮ್ಯಾಜಿಸ್ಟ್ರೇಟ್ ತೆರೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ನೋಡಿದರು. ಅತ್ತೆಯನ್ನು ಇನ್ನೊಮ್ಮೆ ಹೇಳಲು ಹೇಳಿದರು. ಅತ್ತೆ ಮಗುವಿಗೆ ಹೇಳಿಕೊಡುವಂತೆ ಬಿಡಿಸಿ ಹೇಳಿದಳು. ಟೈಪಿಸ್ಟ್ ಇನ್ನೊಮ್ಮೆ ಬರೆದರು. ಇನ್ನೊಮ್ಮೆ ಎರಡೂ ಒಂದೇ ಆಯಿತು.

"ಎರಡಕ್ಕೂ ಒಂದೇ ಅಕ್ಷರ ಮೇಡಂ," ಎಂದರು ಟೈಪಿಸ್ಟ್, ತಮ್ಮದೇ ತಪ್ಪೆಂಬಂತೆ.

ಮ್ಯಾಜಿಸ್ಟ್ರೇಟ್ ಸ್ವಲ್ಪ ಹೊತ್ತು ಚಾರ್ಜ್‌ಶೀಟನ್ನು ತಿರುವಿ, ಅಪ್ಪನ ಮಾತು ಇದ್ದ ಜಾಗಕ್ಕೆ ಬಂದು ನಿಲ್ಲಿಸಿದರು. ಆಮೇಲೆ ಆ ಎರಡು ಪದಗಳ ಪಕ್ಕದಲ್ಲಿ ಇಂಗ್ಲಿಷ್ ಅಕ್ಷರ ಹಾಕಿ ಉಚ್ಚಾರ ತೋರಿಸಿ ಎಂದರು. ಸರ್ಕಾರಿ ವಕೀಲರು ಇನ್ನೇನನ್ನೂ ಕೇಳಲಿಲ್ಲ. ಕಟಕಟೆಯಿಂದ ಇಳಿಯುವಾಗ ಅತ್ತೆ ಅವರ ಹತ್ತಿರ ನಿಂತು, "ಕೋಪ ಇಲ್ವಲ್ಲ ತಂಬಿ?" ಎಂದು ಕೇಳಿದಳು. ಅವರು, "ಇಲ್ಲ ಪಾಟ್ಟಿ, ಹೋಗಿ ಬನ್ನಿ," ಎಂದರು.

ತೀರ್ಪಿಗೆ ಇಟ್ಟ ದಿನದ ತನಕ ನಾನು ಸರಿಯಾಗಿ ಉಣ್ಣಲಿಲ್ಲ. ಒಂದು ಕ್ಷಣ ಎಲ್ಲರಿಗೂ ಅರ್ಥವಾದ ಹಾಗೆ ಕಂಡದ್ದು ಕಾಗದದ ಮೇಲೆ ಏನಾಗುತ್ತದೆ ಎಂಬುದನ್ನು ನೋಡಿಯೇ ಇದ್ದೆನಲ್ಲ. ತೀರ್ಪು ಚಿಕ್ಕದು. ದೂರುದಾರ ಹೆದರಿದ್ದು ನಿಜ, ಆದರೆ ಅವನು ಹೆದರಿದ ಮಾತು ಆಡಿದ ಮಾತಲ್ಲ, ಆಡಿದವರು ಮರದ ಮೇಲಿನ ಗೊನೆಯನ್ನು ನೋಡಿ ಆಡಿದ್ದು, ಎರಡನೇ ಆರೋಪಿಯನ್ನು ಬಿಡುಗಡೆ ಮಾಡಲಾಗಿದೆ. ಒಂದನೇ ಆರೋಪಿಯ ಬಗ್ಗೆ ಒಂದೇ ಸಾಲು, ಸಾವಿನಿಂದಾಗಿ ಅವರ ಮೇಲಿನ ಕೇಸು ಮುಕ್ತಾಯವಾಗಿದೆ ಎಂದು. ಸತ್ತವರನ್ನು ಕೋರ್ಟು ಬಿಡುಗಡೆ ಮಾಡುವುದಿಲ್ಲ. ಆದರೆ ಆಡಿದ ಮಾತು ಯಾವುದು ಎಂಬುದು ಬರವಣಿಗೆಯಲ್ಲಿ ಬಂತು. ಅತ್ತೆಗೆ ಅದನ್ನು ಓದಿ ಹೇಳಿದೆ. "ಇಷ್ಟು ಬರ್ಯಕ್ಕೆ ಇಷ್ಟು ವರ್ಸ," ಎಂದು ಒಳಗೆ ಹೋದಳು. ಒಳಗೆ ಬಹಳ ಹೊತ್ತು ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು.

ಚೀಲದಲ್ಲಿ ಮಾಸಿಹೋಗಿದ್ದ ಅರ್ಜಿಯನ್ನು ಎಸೆದು ಹೊಸದನ್ನು ತಂದೆ. ಆ ಪ್ರಶ್ನೆಯ ಎದುರು 'ಇತ್ತು' ಎಂದು ಬರೆದೆ. ವಿವರವನ್ನು ಬೇರೆ ಹಾಳೆಯಲ್ಲಿ ಲಗತ್ತಿಸಬೇಕು. ತಮಿಳಿನಲ್ಲಿ ಬರೆಯುತ್ತ ಅಪ್ಪನ ಮಾತಿನ ತನಕ ಬಂದೆ. ಬರೆದೆ. ಓದಿದೆ. ನಾಳೆಗೆ ಕೊಲೆ ಆಗುತ್ತದೆ ಎಂದಿತ್ತು. ನನ್ನ ಕೈಯೇ ಅದನ್ನು ಮತ್ತೆ ಬರೆದಿತ್ತು.

ಕೊಡೈಕಾನಲ್ಲಿನ ಟೀಚರ್‌ಗೆ ಫೋನ್ ಮಾಡಿದೆ. ಆಮೇಲೆ ಅನೇಕ ಭಾನುವಾರ ಬೆಟ್ಟ ಹತ್ತಿ ಹೋಗಿ ಅವರ ಹತ್ತಿರ ಅಕ್ಷರ ಕಲಿತೆ. ಎಲ್ಲರೂ ಅ ಆ ಇಂದ ಶುರು ಮಾಡಿದರೆ ನಾನು ಗ ಇಂದ ಶುರು ಮಾಡಿದೆ. ಈಗ ಇದನ್ನು ಬರೆಯುತ್ತಿರುವುದು ಆ ಅಕ್ಷರಗಳಲ್ಲೇ. ಅರ್ಜಿಯ ಹಾಳೆಯಲ್ಲಿ ಅಪ್ಪನ ಮಾತನ್ನು ಕನ್ನಡದಲ್ಲಿ, ಒಂದನೇ ಕ್ಲಾಸಿನ ಮಗುವಿನ ಹಾಗೆ ದುಂಡಗೆ ಬರೆದು, ಕೆಳಗೆ ತಮಿಳಿನಲ್ಲಿ ಅರ್ಥ ಬರೆದೆ. ನಮ್ಮ ಮನೆಯಲ್ಲಿ ಆಡಿದ ಒಂದು ಮಾತನ್ನು ಅದರ ಅಕ್ಷರದಲ್ಲಿ ಯಾರಾದರೂ ಬರೆದದ್ದು ಅದೇ ಮೊದಲಿರಬೇಕು.

ವಿಚಾರಣೆಗೆ ಪೊಲೀಸರು ಊರಿಗೆ ಬಂದರು. ಕೇಸಿನ ಬಗ್ಗೆ ಕೇಳಿದರು, ತೀರ್ಪಿನ ನಕಲು ತೆಗೆದುಕೊಂಡರು. ಅತ್ತೆ ಅವರಿಗೆ ಎರಡು ಬಾಳೆಹಣ್ಣು ಕೊಟ್ಟು, ಇದರ ಹೆಸರು ಕೇಳಬೇಡಿ ಎಂದಳು. ಆಮೇಲೆ ತಿಂಗಳುಗಟ್ಟಲೆ ಏನೂ ಬರಲಿಲ್ಲ. ಪೋಸ್ಟಿನವನ ಸೈಕಲ್ ಗಂಟೆಗೆ ನಾನು ಅಡುಗೆಮನೆಯೊಳಗೆ ಹೋಗಿ ನಿಲ್ಲುತ್ತಿದ್ದೆ.

ಕೊನೆಗೆ ವಕೀಲರ ಪಟ್ಟಿಗೆ ಸೇರಿಸುವ ಸಮಾರಂಭಕ್ಕೆ ಕರೆ ಬಂತು. ಸೀನಿಯರ್ ತಮ್ಮ ಹಳೆಯ ಕೋಟೊಂದನ್ನು ನನ್ನ ಅಳತೆಗೆ ಹಿಡಿಸಿ ಹೊಲಿಸಿಕೊಟ್ಟಿದ್ದರು. ದೊಡ್ಡ ಸಭಾಂಗಣ, ನನ್ನ ಹಾಗೆ ಕಪ್ಪು ಕೋಟು ಹಾಕಿದ ಹುಡುಗ ಹುಡುಗಿಯರು, ಹಿಂದೆ ಅವರ ಅಪ್ಪ ಅಮ್ಮಂದಿರು. ಅತ್ತೆ ಕೊನೆಯ ಸಾಲಿನಲ್ಲಿ ಕೂತಿದ್ದಳು. ಒಬ್ಬರು ಮೈಕಿನಲ್ಲಿ ಹೆಸರು ಕೂಗುತ್ತಿದ್ದರು. ಕೂಗುವವರು ನನ್ನ ಹಾಳೆಯ ಹತ್ತಿರ ನಿಲ್ಲುತ್ತಾರೆ, ಕನ್ನಡಕ ಸರಿಮಾಡಿಕೊಂಡು ಪಕ್ಕದವರನ್ನು ಏನೋ ಕೇಳುತ್ತಾರೆ, ಕೇಸಿದ್ದವಳು ಇವಳೇ ಎನ್ನುತ್ತಾರೆ ಎಂದು ಕಾಯುತ್ತಿದ್ದೆ.

ನಮ್ಮ ಕಡೆ ಮಕ್ಕಳ ಹೆಸರು ಬರೆಯುವಾಗ ತಂದೆಯ ಹೆಸರು ಮೊದಲು ಬರುತ್ತದೆ. ಅಲ್ಲಿ ಅದನ್ನು ಪೂರ್ತಿಯಾಗಿ ಕೂಗುತ್ತಿದ್ದರು. ಮೈಕಿನಲ್ಲಿ ಅಪ್ಪನ ಹೆಸರು ಕೇಳಿಸಿತು. ನನ್ನ ಹೆಸರನ್ನು ಸೇರಿಸುವ ಮುಂಚೆಯೇ ನಾನು ಎದ್ದು ನಿಂತಿದ್ದೆ.

ಮೂರು ಸಲ ಕೂಗಬೇಕಾಗಲಿಲ್ಲ.